ಆಯೇರಿಯ ವಹಿಯೂ ಹರಕೆಯ ವಹಿಯೂ

ನಮ್ಮ ಮಾನವಿ-ದೇವದುರ್ಗದ ಸೀಮೆಯಲ್ಲಿ ಮದುವೆ ಮುಗಿದ ಮರುದಿನ ಮನೆಯ ಹಿರಿಯರು ಮೊದಲು ಕೈಗೆತ್ತಿಕೊಳ್ಳುವ ಪುಸ್ತಕವು ಯಾವುದೆಂದರೆ ಆಯೇರಿಯ ವಹಿಯು. ಇಂಥ ಊರಿನ ಇಂಥವರು ಇಷ್ಟು ರೂಪಾಯಿ, ಇಂಥವರು ಒಂದು ಖಣ, ಇಂಥವರು ಒಂದು ತಂಬಿಗೆ ಎಂದು ಎಲ್ಲವೂ ಅದರಲ್ಲಿ ಲಿಖಿತವಾಗಿರುವುದು. ಬಂದವರು ವಧೂವರರನ್ನು ಏನೆಂದು ಹರಸಿದರು ಎಂಬುದು ಮಾತ್ರ ಎಲ್ಲಿಯೂ ಬರೆದಿರುವುದಿಲ್ಲ. ಅತಿಥಿಗಳ ಮಾತನ್ನು ಕೂಡಿಡುವ ಉಪಾಯಗಳು ನಮ್ಮ ಪೂರ್ವಿಕರಲ್ಲಿ ಇದ್ದುವೇ, ಇದ್ದರೆ ಅವು ಎಂಥವು, ಈಗ ನಾವು ಮಾಡತಕ್ಕದ್ದೇನು ಎಂಬುದನ್ನು ಈ ಲೇಖನದಲ್ಲಿ ವಿಚಾರಿಸುವೆನು.

ಹರಸುವುದು ಅತಿಥಿಯ ಧರ್ಮವೆಂಬುದು ಅತ್ಯಂತ ಪ್ರಾಚೀನವಾದ ಭಾವನೆಯು. ಋಗ್ವೇದದ ಹತ್ತನೆಯ ಮಂಡಲದ 85ನೆಯ ಸೂಕ್ತವು ಸೂರ್ಯೆಯ ವಿವಾಹವನ್ನು ಕುರಿತದ್ದು. ಅದರ 33ನೆಯ ಋಕ್ಕು ನೆರೆದ ಜನರನ್ನೇ ಉದ್ದೇಶಿಸಿದೆ. ಮಂಗಲೆಯಾದ ಈ ವಧುವನ್ನು ಬಂದು ನೋಡಿರಿ, ಸೌಭಾಗ್ಯವನ್ನು ಕೊಟ್ಟು ಆಮೇಲೆ ಮನೆಗೆ ಹೋಗಿರಿ ಎಂಬುದು ಅದರ ತಾತ್ಪರ್ಯ. ಅಲ್ಲಿ ಕೇಳಿರುವುದು ಹಣವನ್ನಲ್ಲ, ಹರಕೆಯನ್ನು. ಆದರೆ ತಕ್ಕ ಮಾತು ಹೊಳೆಯುವುದು ಸುಲಭವಲ್ಲವೆಂಬುದನ್ನು ಕಾಳಿದಾಸನೂ ಬಲ್ಲನು. ಕುಮಾರಸಂಭವದ ಏಳನೆಯ ಸರ್ಗದಲ್ಲಿ ಬ್ರಹ್ಮನು ಪಾರ್ವತಿಗೆ ವೀರಮಾತೆಯಾಗೆಂದು ಹರಸುವನು. ಶಿವನಿಗೆ ಏನೆಂದು ಹರಸಬೇಕೆಂಬುದು ತೋಚದೆ ಆ ವಾಚಸ್ಪತಿಯೂ ಚಿಂತೆಯಲ್ಲಿ ಸ್ತಬ್ಧನಾಗುವನು. ಹೀಗಿರಲು ಮಂಟಪದಲ್ಲಿ ಮಾತು ತಡವರಿಸುವ ನಮ್ಮಂಥವರು ನಾಚಬೇಕಾದುದಿಲ್ಲ.

ಮಾತನ್ನು ಕೂಡಿಡುವ ಉಪಾಯಗಳಲ್ಲಿ ಮಂಗಲಾಷ್ಟಕವು ಗಣ್ಯವಾದುದು. ವಧೂವರರ ನಡುವೆ ಅಂತಃಪಟವನ್ನು ಹಿಡಿದಿರುವಾಗ ಶಾರ್ದೂಲವಿಕ್ರೀಡಿತ ವೃತ್ತದ ಪದ್ಯಗಳನ್ನು ಹೇಳುವರು. ಒಂದೊಂದು ಪದ್ಯದ ಕೊನೆಗೂ ಜನರು ಅಕ್ಷತೆಯನ್ನು ಹಾಕುವರು. ಪುರಾತನ ಶ್ಲೋಕಗಳ ಜೊತೆಗೆ ಬಂಧುಗಳಲ್ಲಿ ಬಲ್ಲವರು ವಧೂವರರ ಹೆಸರುಗಳನ್ನು ಪೋಣಿಸಿ ಹೊಸ ಪದ್ಯಗಳನ್ನು ಕಟ್ಟುವುದೂ, ಅವನ್ನು ಅಚ್ಚು ಹಾಕಿಸಿ ಹಂಚುವುದೂ ಉಂಟು. ಆ ಒಂದು ಹಾಳೆಯು ಬಂಧುಗಳ ಹರಕೆಯ ಸಂಗ್ರಹವೇ ಸರಿ.

ಹೆಣ್ಣುಮಕ್ಕಳ ಶೋಭಾನೆಯ ಹಾಡುಗಳೂ, ಗಂಡನ ಹೆಸರನ್ನು ಒಡಪಿನಲ್ಲಿ ಅಡಗಿಸಿ ಹೇಳುವ ಚಾತುರ್ಯವೂ ಇದೇ ಜಾತಿಯವು. ನಮ್ಮದು ದಾಸರ ಸೀಮೆಯು. ಚೀಕಲಪರವಿಯ ವಿಜಯದಾಸರು, ಮೊಸರಕಲ್ಲಿನ ಗೋಪಾಲದಾಸರು, ಮಾನವಿಯ ಜಗನ್ನಾಥದಾಸರು ಇವರ ಪದಗಳು ಬಾಯಿಂದ ಬಾಯಿಗೆ ಹರಿದರೂ ಇಂಥವರದೆಂದು ಇಂದಿಗೂ ಗುರುತು ಸಿಕ್ಕುವುದು ಅಂಕಿತದಿಂದ. ನಮ್ಮ ಅಜ್ಜಿಯರ ಹರಕೆಗಳಿಗಾದರೋ ಅಂಕಿತವಿರಲಿಲ್ಲ. ಆದುದರಿಂದ ಅವು ಹೇಳಿದ ಮುಖದೊಡನೆಯೇ ಮರೆಯಾದುವು.

ಆಯೇರಿಯ ವಹಿಯನ್ನು ನಾನು ಹಳಿಯುತ್ತಿಲ್ಲ. ಮುಯ್ಯಿ ಎಂಬ ಮಾತಿಗೆ ಪ್ರತಿಯಾಗಿ ಕೊಡುವುದು ಎಂಬರ್ಥವಿದೆ. ಒಬ್ಬರ ಮನೆಯ ಭಾರವನ್ನು ಹತ್ತು ಮನೆಗಳು ಹೊತ್ತು, ತಮ್ಮ ಸರದಿ ಬಂದಾಗ ಮರಳಿ ಪಡೆಯುವ ವ್ಯವಸ್ಥೆಯಿದು. ಮರಳಿಸಬೇಕಾದುದನ್ನು ಬರೆದಿಡುವುದೇ ನ್ಯಾಯ. ಮಾತನ್ನು ಮರಳಿಸಬೇಕಾದುದಿಲ್ಲವೆಂದು ಅದನ್ನು ಯಾರೂ ಬರೆಯಲಿಲ್ಲ.

ಸುಮಾರು 45 ವರ್ಷಗಳ ಹಿಂದೆ ಮಲ್ಲಟದಲ್ಲಿ ನಮ್ಮ ಬಂಧುಗಳೊಬ್ಬರ ಮನೆಯ ಮದುವೆಯಲ್ಲಿ, ಅಕ್ಷರ ದುಂಡಗಿದೆಯೆಂದು ನನ್ನನ್ನೇ ವಹಿ ಬರೆಯಲು ಕೂಡಿಸಿದ್ದರು. ವಧುವು ತಾಯಿಯಿಲ್ಲದ ಹುಡುಗಿ. ಅವಳು ಹುಟ್ಟಿದಾಗ ಮೊದಲ ನೀರು ಹಾಕಿದ ಮುದುಕಿಯೊಬ್ಬಳು ಸೆರಗಿನ ಗಂಟು ಬಿಚ್ಚಿ ಒಂದು ರೂಪಾಯಿ ಕೊಟ್ಟಳು. ಹುಡುಗಿಯ ಹಡೆದವ್ವನ ಹೆಸರು ಹಿಡಿದು ನಾಲ್ಕು ಮಾತು ಹರಸಿದಳು. "ರೂಪಾಯಿ ಬರಕೊಂಡಿ, ನಾ ಅಂದದ್ದೂ ಬರಕೋ ತಮ್ಮಾ" ಎಂದಳು. "ಎವ್ವಾ, ಅದಕ್ಕ ವಹಿಯಾಗ ಜಾಗ ಇಲ್ಲ" ಎಂದು ನಕ್ಕು ಮುಂದಿನವರ ಹೆಸರು ಬರೆದೆನು. ಹಲವು ವರ್ಷಗಳ ತರುವಾಯ ಆ ಹುಡುಗಿಯು ತನ್ನ ಮಗಳ ಮದುವೆಗೆ ಕರೆಯಲು ಬಂದವಳು, "ಅಣ್ಣಾ, ಆ ಎವ್ವ ನಮ್ಮವ್ವನ ಬಗ್ಗೆ ಏನಂದಿದ್ದಳು?" ಎಂದು ಕೇಳಿದಳು. ಮುದುಕಿಯು ಅಷ್ಟರಲ್ಲಿ ತೀರಿಹೋಗಿದ್ದಳು. ನನಗೆ ನೆನಪಿದ್ದುದು ರೂಪಾಯಿಯೊಂದೇ.

ಹೊರ ದೇಶದಲ್ಲಿ ಇದಕ್ಕೆ ಬೇರೊಂದು ಮೇಲ್ಪಂಕ್ತಿಯುಂಟು. 17ನೆಯ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಕ್ವೇಕರ್ ಪಂಥದವರ ಮದುವೆಯಲ್ಲಿ, ನೆರೆದವರೆಲ್ಲರೂ ಸಾಕ್ಷಿಗಳಾಗಿ ವಿವಾಹಪತ್ರಕ್ಕೆ ಸಹಿ ಹಾಕುವರು. ನಮ್ಮ ತಂತಿ ಇಲಾಖೆಯು ಸಿದ್ಧಪಡಿಸಿದ ಶುಭಾಶಯ ವಾಕ್ಯಗಳಿಗೆ ಅಂಕಿಗಳನ್ನು ಕೊಟ್ಟಿತ್ತು. ಅಂಕಿಯನ್ನು ಸೂಚಿಸಿದರೆ ಸಾಕು, ವಾಕ್ಯವು ಮದುವೆಯ ಮನೆಗೆ ತಲುಪುತ್ತಿತ್ತು. 2013ರ ಜುಲೈಯಲ್ಲಿ ಆ ತಂತಿಯು ನಿಂತಿತು. ಈಗ ಮೊಬೈಲಿನಲ್ಲಿ ಬರುವ ಶುಭಾಶಯಗಳೂ ಬಹುಮಟ್ಟಿಗೆ ಎಲ್ಲರಿಗೂ ಒಂದೇ ವಾಕ್ಯ. ಯಂತ್ರ ಕೆಟ್ಟರೆ ಅದೂ ಇಲ್ಲ.

ಹಾಗಾದರೆ ಉಪಾಯವೇನು? ಹಾಳೆಯ ಮೇಲೆ ಬರಿಯ ಮರವೊಂದನ್ನು ಬರೆದು, ಅತಿಥಿಗಳ ಹೆಬ್ಬೆಟ್ಟಿನ ಗುರುತುಗಳನ್ನು ಅದಕ್ಕೆ ಎಲೆಗಳಾಗಿ ಒತ್ತಿಸುವ ಪದ್ಧತಿಯು ಈಚೆಗೆ ಪ್ರಚಾರಕ್ಕೆ ಬಂದಿದೆ. ಸಾಲಪತ್ರಕ್ಕೆ ಒತ್ತಿ ಒತ್ತಿ ಸವೆದ ನಮ್ಮ ರೈತರ ಹೆಬ್ಬೆಟ್ಟು ಒಮ್ಮೆ ಹರಕೆಗೂ ಒತ್ತಲ್ಪಡಲಿ. ನಮ್ಮ ಹೆಂಗಸರು ಹಳೆಯ ಸೀರೆಗಳಿಂದ ಕೌದಿಯನ್ನು ಹೊಲಿಯುವರಷ್ಟೆ. ಬಂಧುಗಳು ಒಂದೊಂದು ತುಂಡು ಬಟ್ಟೆಯ ಮೇಲೆ ಹೆಸರನ್ನೋ ಒಂದು ಮಾತನ್ನೋ ದಾರದಿಂದ ಹೊಲಿದು ತಂದರೆ, ಮದುಮಕ್ಕಳು ಹೊದೆಯುವ ಕೌದಿಯೇ ಪುಸ್ತಕವಾಗುವುದು. ದೂರ ಬರಲಾರದ ವೃದ್ಧರ ಧ್ವನಿಯನ್ನು ಮೊಬೈಲಿನಲ್ಲಿ ಹಿಡಿದು, ಅದರ ಪ್ರತಿಯೊಂದನ್ನು ಬೇರೆಡೆಯಲ್ಲಿಯೂ ಕಾದಿಡಬಹುದು.

ಎಲ್ಲಕ್ಕಿಂತ ಸುಲಭವಾದುದು ಎರಡನೆಯ ವಹಿಯು. ಆಯೇರಿ ಬರೆಯುವವನ ಪಕ್ಕದಲ್ಲಿ ಶಾಲೆಯ ಹುಡುಗಿಯೊಬ್ಬಳನ್ನು ಕೂಡಿಸಿರಿ. ಓದು ಬಾರದವರು ಆಡಿದ ಮಾತನ್ನು ತಿದ್ದದೆ, ಅವರ ನುಡಿಯಲ್ಲಿಯೇ, ಅವರ ಹೆಸರಿನೊಡನೆ ಅವಳು ಬರೆದುಕೊಳ್ಳಲಿ. ಆ ಹುಡುಗಿಯ ಮಗಳ ಮದುವೆಯಲ್ಲಿ ನಾನು ಹಾಗೆಯೇ ಮಾಡಿಸಿದೆನು. 30 ಪುಟಗಳಾದುವು. ಆದರೆ ಒಬ್ಬ ಮುದುಕಿಯ ನಾಲ್ಕು ಮಾತುಗಳಿಗೆ ಅವು ಸಾಟಿಯಾಗಲಾರವೆಂಬುದನ್ನು ನಾನು ಬಲ್ಲೆನು. ಮುಂದಿನವರಾದರೂ ಈ ಋಣಕ್ಕೆ ಒಳಗಾಗದಿರಲೆಂದು ಹಾರೈಸಿ ವಿರಮಿಸುವೆನು.