50 ಪದಗಳ ತಡೆಗೋಡೆ

ಆಸ್ಟ್ರೇಲಿಯಾ ಒಂದು ಒಕ್ಕೂಟವಾದ 1901ರಲ್ಲೇ ಅಲ್ಲಿ ವಲಸೆ ನಿರ್ಬಂಧ ಕಾಯ್ದೆ ಬಂತು. ಬಿಳಿಯರಲ್ಲದವರನ್ನು ಹೊರಗಿಡುವುದೇ ಗುರಿ. ಆದರೆ ಕಾಯ್ದೆಯಲ್ಲಿ ಮೈಬಣ್ಣದ ಮಾತೇ ಇಲ್ಲ. ಇದ್ದದ್ದು ಒಂದು ಉಕ್ತಲೇಖನ. ಅಧಿಕಾರಿ ಯುರೋಪಿನ ಯಾವುದಾದರೊಂದು ಭಾಷೆಯಲ್ಲಿ 50 ಪದ ಓದುತ್ತಿದ್ದ, ಬಂದವರು ಬರೆದು ತೋರಿಸಬೇಕಿತ್ತು. ಭಾಷೆಯ ಆಯ್ಕೆ ಅಧಿಕಾರಿಯದೇ. ಇಂಗ್ಲಿಷ್ ಬಲ್ಲವರಿಗೆ ಅವರಿಗೆ ಬಾರದ ಇನ್ನೊಂದು ಭಾಷೆ ಕೊಟ್ಟರೆ ಅಲ್ಲಿಗೆ ಮುಗಿಯಿತು. 1909ರ ನಂತರ ಈ ಪರೀಕ್ಷೆಯಲ್ಲಿ ಒಬ್ಬರೂ ಪಾಸಾಗಲಿಲ್ಲ.

ಈ ಉಪಾಯದ ಮೂಲ ದಕ್ಷಿಣ ಆಫ್ರಿಕಾದ ನಟಾಲ್. ಭಾರತೀಯರನ್ನು ತಡೆಯಲು 1897ರಲ್ಲಿ ಅಲ್ಲಿ ತಂದ ಕಾಯ್ದೆಯನ್ನು ಗಾಂಧಿ ವಿರೋಧಿಸಿದ್ದರು.

1934ರಲ್ಲಿ ಪ್ರಾಗ್‌ನ ಪತ್ರಕರ್ತ ಎಗಾನ್ ಕಿಶ್ ನಾಜಿಗಳ ವಿರುದ್ಧ ಮಾತನಾಡಲು ಆಸ್ಟ್ರೇಲಿಯಾಕ್ಕೆ ಬಂದರು. ಇಳಿಯಲು ಬಿಡದಿದ್ದಾಗ ಮೆಲ್ಬರ್ನ್‌ನಲ್ಲಿ ಹಡಗಿನಿಂದ ಹಾರಿ ಕಾಲು ಮುರಿದುಕೊಂಡರು. ಹಲವು ಭಾಷೆ ಬಲ್ಲ ಅವರಿಗೆ ಸಿಡ್ನಿಯಲ್ಲಿ ಕೊಟ್ಟದ್ದು ಸ್ಕಾಟಿಷ್ ಗೇಲಿಕ್! ಕಾಯ್ದೆಯ ಅರ್ಥದಲ್ಲಿ ಅದು ಯುರೋಪಿನ ಭಾಷೆಯೇ ಅಲ್ಲವೆಂದು ದೇಶದ ಅತ್ಯುನ್ನತ ನ್ಯಾಯಾಲಯ, ಪರೀಕ್ಷೆಯಲ್ಲಿ ಪಾಸಾಗದ್ದಕ್ಕೆ ಅವರಿಗಾಗಿದ್ದ ಶಿಕ್ಷೆಯನ್ನು ರದ್ದುಮಾಡಿತು. ಕಾನೂನಿನ ವೇಷ ತೊಟ್ಟ ಅನ್ಯಾಯ ಅಂದು ಎಲ್ಲರ ಕಣ್ಣಿಗೆ ಬಿತ್ತು.

ಪರೀಕ್ಷೆ ರದ್ದಾದದ್ದು 1958ರಲ್ಲಿ. ತಡೆಯುವ ಹಂಬಲ ಮಾತ್ರ ಹೋಗಲಿಲ್ಲ. 2001ರಿಂದ ದೋಣಿಯಲ್ಲಿ ಬಂದ ಆಶ್ರಯಾರ್ಥಿಗಳನ್ನು ನೌರು ಮತ್ತು ಮಾನುಸ್ ದ್ವೀಪಗಳಿಗೆ ಸಾಗಿಸಲಾಯಿತು. ಮಾನುಸ್‌ನಲ್ಲಿ ಅವರನ್ನು ಕೂಡಿಹಾಕಿದ್ದು ಕಾನೂನುಬಾಹಿರವೆಂದು ಆ ದ್ವೀಪ ಸೇರಿರುವ ಪಪುವಾ ನ್ಯೂಗಿನಿಯ ಸುಪ್ರೀಂ ಕೋರ್ಟ್ 2016ರಲ್ಲಿ ತೀರ್ಪು ನೀಡಿತು.