ಎರಡು ಸುತ್ತುಗಳ ನಡುವಣ ದಿನಗಳು: ವಿರಾಜಪೇಟೆ ಸೀಮೆಯ ಕ್ಯಾನ್ಸರ್ ರೋಗಿಗಳಲ್ಲಿ ಕೀಮೋ ಅಡ್ಡಪರಿಣಾಮಗಳ ನಿಗಾ

ಸಾರಾಂಶ

ಕೀಮೋಥೆರಪಿ ಔಷಧಗಳ ಅಡ್ಡಪರಿಣಾಮಗಳನ್ನು ಆಸ್ಪತ್ರೆಯ ಕಡತಗಳಿಂದ ಎಣಿಸುವುದು ವಾಡಿಕೆ. ಆದರೆ ಮೂರು ವಾರಕ್ಕೊಂದು ಸುತ್ತಿನ ಚಿಕಿತ್ಸೆಯಲ್ಲಿ ರೋಗಿ ಆಸ್ಪತ್ರೆಯಲ್ಲಿ ಕಳೆಯುವುದು ಅನೇಕ ವೇಳೆ ಒಂದೇ ದಿನ. ಉಳಿದ 20 ದಿನ ಮನೆಯಲ್ಲಿ. ಗಂಭೀರ ಪರಿಣಾಮಗಳಲ್ಲಿ ಹಲವು ತಲೆದೋರುವುದು ಆ 20 ದಿನಗಳಲ್ಲೇ. ಕೀಮೋಗಾಗಿ ಘಟ್ಟ ಇಳಿದೋ ಜಿಲ್ಲೆ ದಾಟಿಯೋ ಹೋಗಬೇಕಾದ ಕೊಡಗಿನ ವಿರಾಜಪೇಟೆ ಸೀಮೆಯನ್ನು ಮುಂದಿಟ್ಟುಕೊಂಡು, ಈಗ ಬಳಕೆಯಲ್ಲಿರುವ ಮಾಪಕಗಳು ಎಲ್ಲಿ ಕುರುಡಾಗುತ್ತವೆ ಎಂಬುದನ್ನು ಈ ಲೇಖನ ಪರಿಶೀಲಿಸುತ್ತದೆ. ಇದು ರೋಗಿಗಳ ಸಮೀಕ್ಷೆಯಲ್ಲ. ಮಾಪಕಗಳನ್ನು ಇಲ್ಲಿನ ಬದುಕಿಗೆ ಒಡ್ಡಿ ನೋಡುವ ವಿಮರ್ಶೆ.

ಸೂಚಕ ಪದಗಳು: ಕೀಮೋಥೆರಪಿ, ಅಡ್ಡಪರಿಣಾಮ, ಔಷಧ ನಿಗಾ, ಕೊಡಗು, ರೋಗಿಯ ದಿನಚರಿ

1. ಪೀಠಿಕೆ: ಕಕ್ಕಡದ ಕೆಂಪು

ಒಂದು ಕಲ್ಪಿತ ಸಂದರ್ಭದಿಂದ ಆರಂಭಿಸೋಣ. ಸ್ತನ ಕ್ಯಾನ್ಸರಿನ ಮಹಿಳೆಯೊಬ್ಬರು ಆಗಸ್ಟ್ ಮೊದಲ ವಾರದಲ್ಲಿ ಡಾಕ್ಸೊರುಬಿಸಿನ್ ಮತ್ತು ಸೈಕ್ಲೋಫಾಸ್ಫಮೈಡ್ ಪಡೆದು ಊರಿಗೆ ಮರಳುತ್ತಾರೆ. ಎರಡು ದಿನದೊಳಗೆ ಮೂತ್ರ ಕೆಂಪಾಗುತ್ತದೆ. ಕಾರಣವೇನು?

ಡಾಕ್ಸೊರುಬಿಸಿನ್ ಸ್ವತಃ ಕೆಂಪು ದ್ರವ. ಕೊಟ್ಟ ಒಂದೆರಡು ದಿನ ಮೂತ್ರಕ್ಕೂ ಅದೇ ಬಣ್ಣ ಇಳಿಯುತ್ತದೆ, ಅದರಿಂದ ಅಪಾಯವಿಲ್ಲ. ಸೈಕ್ಲೋಫಾಸ್ಫಮೈಡ್ ದೇಹದಲ್ಲಿ ಒಡೆದಾಗ ಹುಟ್ಟುವ ಅಕ್ರೋಲಿನ್ ಮೂತ್ರಕೋಶದ ಒಳಪದರವನ್ನು ಕೆರಳಿಸಿ ರಕ್ತ ಸುರಿಸಬಲ್ಲದು. ಸಾಮಾನ್ಯ ಪ್ರಮಾಣದಲ್ಲಿ ಇದು ಅಪರೂಪ, ಆದರೆ ಉಂಟಾದರೆ ಗಂಭೀರ. ಮೂರನೆಯ ಕಾರಣ ಯಾವ ಔಷಧಶಾಸ್ತ್ರದ ಪಟ್ಟಿಯಲ್ಲೂ ಸಿಗುವುದಿಲ್ಲ. ಆಗಸ್ಟ್ 3ರ ಹೊತ್ತಿಗೆ ಬರುವ, ಕೊಡವ ಪಂಚಾಂಗದ ಕಕ್ಕಡ ತಿಂಗಳ 18ರಂದು ಕೊಡಗಿನ ಮನೆಗಳಲ್ಲಿ ಮದ್ದು ಸೊಪ್ಪಿನ ಪಾಯಸ ಮಾಡುತ್ತಾರೆ. ಜಸ್ಟಿಸಿಯಾ ವೈನಾಡೆನ್ಸಿಸ್ ಎಂಬ ಆ ಗಿಡದ ರಸ ಉಂಡವರ ಮೂತ್ರ ಕೆಂಪಾಗುವುದು ಇಲ್ಲಿನ ಮಕ್ಕಳಿಗೂ ಗೊತ್ತು. ದೂರದ ಊರಿನ ಆಸ್ಪತ್ರೆಯ ಕಿರಿಯ ವೈದ್ಯರಿಗೆ ಗೊತ್ತಿರಬೇಕೆಂದಿಲ್ಲ.

ಹೀಗೆ ಒಂದೇ ಲಕ್ಷಣಕ್ಕೆ ಮೂರು ಮೂಲಗಳು. ಯಾವ ದಿನ ಶುರುವಾಯಿತು, ಎಷ್ಟು ದಿನ ಇತ್ತು, ಉರಿ ಇತ್ತೇ, ಅಂದು ಏನು ಉಂಡರು ಎಂಬುದನ್ನು ಮನೆಯಲ್ಲಿ ಯಾರಾದರೂ ಗುರುತು ಹಾಕಿಟ್ಟರೆ ಮಾತ್ರ ಇವನ್ನು ಬೇರ್ಪಡಿಸಬಹುದು.

2. ಘಟ್ಟದಾಚೆಯ ಆಸ್ಪತ್ರೆ, ಘಟ್ಟದೀಚೆಯ ಜ್ವರ

ವಿರಾಜಪೇಟೆಯಿಂದ ಜಿಲ್ಲಾ ಕೇಂದ್ರ ಮಡಿಕೇರಿ ಸುಮಾರು 30 ಕಿ.ಮೀ.; ಮೈಸೂರು ನೂರು ಕಿ.ಮೀ.ಗೂ ಮಿಗಿಲು. ಇನ್ನೊಂದು ದಿಕ್ಕಿನಲ್ಲಿ ಪೆರುಂಬಾಡಿ, ಮಾಕುಟ್ಟ ಹಾದು ಕೇರಳಕ್ಕಿಳಿದರೆ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್. 1973ರಲ್ಲಿ ಆರಂಭವಾದ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ಇರುವುದು ಬೆಂಗಳೂರಿನಲ್ಲಿ. ಜಿಲ್ಲೆಯಲ್ಲಿ ರೈಲಿಲ್ಲ. ಮಳೆಗಾಲದಲ್ಲಿ ದಾರಿಯ ಭರವಸೆಯೂ ಇಲ್ಲ: 2018ರ ಜೂನ್‌ನಲ್ಲಿ ಗುಡ್ಡ ಕುಸಿದು ಮಾಕುಟ್ಟದ ರಸ್ತೆಯೇ ಮುಚ್ಚಿತ್ತು.

ಈ ದೂರವನ್ನು ಔಷಧದ ಕಾಲಪಟ್ಟಿಯ ಪಕ್ಕದಲ್ಲಿಟ್ಟು ನೋಡಬೇಕು. ಪ್ಯಾಕ್ಲಿಟ್ಯಾಕ್ಸೆಲ್‌ನ ಒಗ್ಗದಿಕೆ ಹನಿ ಇಳಿಯಲು ಶುರುವಾದ ಮೊದಲ ನಿಮಿಷಗಳಲ್ಲೇ ಬರುವುದು ಹೆಚ್ಚು. ಪಕ್ಕದಲ್ಲಿ ನರ್ಸ್ ಇರುತ್ತಾರೆ, ಕಡತದಲ್ಲಿ ದಾಖಲಾಗುತ್ತದೆ. ಆದರೆ ಬಹುಪಾಲು ಕೀಮೋ ಔಷಧಗಳಲ್ಲಿ ಬಿಳಿ ರಕ್ತಕಣಗಳು ತಳಮಟ್ಟಕ್ಕೆ ಇಳಿಯುವುದು 7ರಿಂದ 14ನೆಯ ದಿನದ ನಡುವೆ. ಆಗ ರೋಗಿ ತೋಟದ ಲೈನ್ ಮನೆಯಲ್ಲೋ ಮನೆತನದ ಮೂಲಮನೆಯಾದ ಐನ್‌ಮನೆಯಲ್ಲೋ ಇರುತ್ತಾರೆ. ಮುಂದಿನ ಸುತ್ತಿನ ಮುನ್ನಾದಿನ ರಕ್ತ ಪರೀಕ್ಷೆ ಮಾಡುವಾಗ ಕಣಗಳು ಮತ್ತೆ ಏರಿರುತ್ತವೆ, ವರದಿ ಸರಿಯಾಗಿಯೇ ಬರುತ್ತದೆ. ಅಂದರೆ ಅಳತೆ ನಡೆಯುವುದು ಕುಸಿತ ಕಾಣದ ಎರಡು ತುದಿಗಳಲ್ಲಿ. ಆಸ್ಪತ್ರೆಯ ಎಣಿಕೆ ಸುಳ್ಳಲ್ಲ. ಅದು ಕಣ್ಣೆದುರು ಆಗುವುದಕ್ಕೆ ಹೆಚ್ಚು ತೂಕ, ಮನೆಯಲ್ಲಿ ಆಗುವುದಕ್ಕೆ ಕಡಿಮೆ ತೂಕ ಕೊಡುತ್ತದೆ.

ಇದರ ಬೆಲೆ ಜ್ವರದಲ್ಲಿ ಗೊತ್ತಾಗುತ್ತದೆ. ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಒಂದು ಮೈಕ್ರೋಲೀಟರಿಗೆ 500ಕ್ಕಿಂತ ಕೆಳಗಿಳಿದು, ಮೈ ಬಿಸಿ ಒಮ್ಮೆ 38.3 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೂ ಅಥವಾ 38 ಡಿಗ್ರಿಯಲ್ಲಿ ಒಂದು ಗಂಟೆ ನಿಂತರೂ ಅದು ತುರ್ತುಸ್ಥಿತಿ. ಒಂದು ಗಂಟೆಯೊಳಗೆ ರಕ್ತನಾಳಕ್ಕೆ ಆಂಟಿಬಯೋಟಿಕ್ ಹೋಗಬೇಕು. ಮಳೆಗಾಲದ ಕೊಡಗಿನಲ್ಲಾದರೋ ಜ್ವರವೆಂದರೆ ಶೀತಜ್ವರ, ಡೆಂಗಿ, ಇಲಿಜ್ವರ ಎಂದೇ ಮೊದಲು ಊಹಿಸುತ್ತಾರೆ. ಅಂಗಡಿಯ ಪ್ಯಾರಸಿಟಮಾಲ್ ನುಂಗಿದರೆ ಮೈ ತಣ್ಣಗಾಗುತ್ತದೆ, ಸೋಂಕು ಉಳಿಯುತ್ತದೆ.

3. ನಾರಾಂಜೊ ಮಾಪಕ ಮತ್ತು ಎರಡನೆಯ ಸುತ್ತು

ಒಂದು ಲಕ್ಷಣಕ್ಕೆ ಔಷಧವೇ ಕಾರಣವೇ ಎಂದು ನಿರ್ಧರಿಸಲು ಭಾರತದ ಆಸ್ಪತ್ರೆ ಅಧ್ಯಯನಗಳು ಹೆಚ್ಚಾಗಿ ಆಶ್ರಯಿಸುವುದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಸ್ವೀಡನ್ನಿನ ಉಪ್ಸಾಲದ ಔಷಧ ನಿಗಾ ಕೇಂದ್ರದ ವರ್ಗೀಕರಣವನ್ನು ಅಥವಾ 1981ರ ನಾರಾಂಜೊ ಮಾಪಕವನ್ನು. ನಾರಾಂಜೊ ಹತ್ತು ಪ್ರಶ್ನೆಗಳ ಪಟ್ಟಿ. 9 ಅಥವಾ ಹೆಚ್ಚು ಅಂಕ ಬಂದರೆ ‘ಖಚಿತ’, 5ರಿಂದ 8 ‘ಸಂಭವನೀಯ’, 1ರಿಂದ 4 ‘ಸಾಧ್ಯ’, ಅದಕ್ಕೂ ಕೆಳಗೆ ‘ಸಂಶಯಾಸ್ಪದ’.

ಕೀಮೋದಲ್ಲಿ ಈ ಪಟ್ಟಿ ಎರಡು ಕಡೆ ಎಡವುತ್ತದೆ. ಹುಸಿಮಾತ್ರೆ ಕೊಟ್ಟಾಗ ಏನಾಯಿತು ಎಂಬ ಪ್ರಶ್ನೆಗೆ ಇಲ್ಲಿ ಅರ್ಥವೇ ಇಲ್ಲ. ಎರಡು ಮೂರು ಔಷಧಗಳನ್ನು ಒಂದೇ ದಿನ ಕೊಡುವಾಗ ಅಪರಾಧಿ ಯಾವುದೆಂದು ಅಂಕಗಳು ಹೇಳಲಾರವು. ಔಷಧ ಕೆಲಸ ಮಾಡುವ ಬಗೆಯಿಂದಲೇ ಊಹಿಸಬೇಕು. ಬೇರೆ ಕಾರಣದ ಪ್ರಶ್ನೆಯಂತೂ ಮನೆಯ ಮಾಹಿತಿಯನ್ನೇ ನೆಚ್ಚಿದೆ: ಬೇರೆ ಕಾರಣ ಇಲ್ಲವೆಂದರೆ +2, ಇದೆಯೆಂದರೆ −1, ಗೊತ್ತಿಲ್ಲವೆಂದರೆ 0. ಮದ್ದು ಸೊಪ್ಪಿನ ಪಾಯಸ ಗೊತ್ತಿರುವ ವೈದ್ಯರಿಗೂ ‘ಬೇರೆ ಕಾರಣವಿಲ್ಲ’ ಎಂದು ಬರೆದುಕೊಳ್ಳುವ ವೈದ್ಯರಿಗೂ ನಡುವೆ ಮೂರು ಅಂಕಗಳ ಅಂತರ. ಒಂದು ವರ್ಗದಿಂದ ಇನ್ನೊಂದಕ್ಕೆ ಜಾರಲು ಅಷ್ಟು ಸಾಕು.

ಆದರೆ ಇದೇ ಮಾಪಕದಲ್ಲಿ ಕೀಮೋಗೆ ವಿಶೇಷವಾಗಿ ಒದಗುವ ಪ್ರಶ್ನೆಯೂ ಒಂದಿದೆ: ಔಷಧವನ್ನು ಮತ್ತೆ ಕೊಟ್ಟಾಗ ಅದೇ ತೊಂದರೆ ಮರುಕಳಿಸಿತೇ? ಮರುಕಳಿಸಿದರೆ +2. ಬೇರೆ ರೋಗಗಳಲ್ಲಿ ತೊಂದರೆ ಕೊಟ್ಟ ಔಷಧವನ್ನು ಪರೀಕ್ಷೆಗೆಂದು ಮತ್ತೆ ಕೊಡುವುದು ನೀತಿಗೆ ಒಗ್ಗದು. ಕೀಮೋದಲ್ಲಿ ಎರಡನೆಯ ಸುತ್ತು ಚಿಕಿತ್ಸೆಯ ಭಾಗವಾಗಿಯೇ ಬರುತ್ತದೆ. ಯಾರೂ ಯೋಜಿಸದ ಮರುಪರೀಕ್ಷೆ ತಾನಾಗಿ ನಡೆದುಹೋಗುತ್ತದೆ. ಮೊದಲ ಸುತ್ತಿನ ಐದನೆಯ ದಿನ ಬಾಯಿಹುಣ್ಣು ಎದ್ದದ್ದು ಎರಡನೆಯ ಸುತ್ತಿನ ಐದನೆಯ ದಿನವೂ ಎದ್ದರೆ ಅದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಬೇಕಿಲ್ಲ. ಎರಡೂ ಸಲದ ದಿನ ಬರೆದಿಟ್ಟಿರದಿದ್ದರೆ ಸಾಕ್ಷ್ಯ ಹುಣ್ಣಿನ ಜೊತೆಗೇ ಮಾಯವಾಗುತ್ತದೆ.

4. ಜೋಮು, ಸುಸ್ತು, ಉರಿ

ತೀವ್ರತೆಯನ್ನು ಅಳೆಯಲು ಬಳಸುವುದು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಸಿಟಿಸಿಎಇ ಮಾಪಕ. ಐದನೆಯ ಆವೃತ್ತಿ 2017ರದು. 1ರಿಂದ 5ರವರೆಗೆ ಶ್ರೇಣಿ, 5 ಎಂದರೆ ಸಾವು. ಅನೇಕ ಲಕ್ಷಣಗಳಲ್ಲಿ ಎರಡನೆಯ ಶ್ರೇಣಿಗೆ ಅಡುಗೆ, ಅಂಗಡಿಯ ಕೆಲಸ, ಟೆಲಿಫೋನ್ ಬಳಕೆ, ಹಣದ ಲೆಕ್ಕದಂಥ ಕೆಲಸಗಳಿಗೆ ಅಡ್ಡಿಯಾಯಿತೇ ಎಂಬುದು ಅಳತೆಗೋಲು. ಸ್ನಾನ, ಉಡುಪು, ಊಟವೂ ಸ್ವಂತವಾಗಿ ಆಗದಿದ್ದರೆ ಮೂರನೆಯದು.

ಈ ಪಟ್ಟಿಯಲ್ಲಿ ಕಾಫಿ ಕೊಯ್ಲಿಲ್ಲ. ಕೇಪ್‌ಸಿಟಬಿನ್ ಮಾತ್ರೆಯಿಂದ ಅಂಗೈ ಅಂಗಾಲು ಕೆಂಪಾಗಿ, ಸುಲಿದು, ಉರಿಯುತ್ತವೆ, ಉಜ್ಜಾಟದಿಂದ ಹೆಚ್ಚುತ್ತವೆ. ಗೊಂಚಲಿನಿಂದ ಹಣ್ಣು ಬಿಡಿಸುವ, ಏಣಿ ಹತ್ತಿ ಕರಿಮೆಣಸು ಕೊಯ್ಯುವ ಕೈಗೆ ಬೆರಳ ತುದಿಯೇ ಬಂಡವಾಳ. ಮಾಪಕದಲ್ಲಿ ಎರಡನೆಯ ಶ್ರೇಣಿ ಎನಿಸುವುದು ತೋಟದಲ್ಲಿ ಪೂರ್ತಿ ಕೂಲಿ ನಷ್ಟ. ಕರುಳಿನ ಕ್ಯಾನ್ಸರಿಗೆ ಕೊಡುವ ಆಕ್ಸಾಲಿಪ್ಲಾಟಿನ್ ತಣ್ಣಗಿನದು ತಾಗಿದೊಡನೆ ಬೆರಳುಗಳಲ್ಲಿ ಮುಳ್ಳು ಚುಚ್ಚಿದಂತೆ ಮಾಡುತ್ತದೆ, ತಣ್ಣೀರು ಕುಡಿದರೆ ಗಂಟಲು ಕಟ್ಟಿದಂತಾಗುತ್ತದೆ. ಕೊಯ್ಲಿನ ಕಾಲವಾದ ಡಿಸೆಂಬರ್, ಜನವರಿಗಳ ಬೆಳಗಿನಲ್ಲಿ ಇಲ್ಲಿ ನಲ್ಲಿ ನೀರು ಮುಟ್ಟುವುದೇ ಕಷ್ಟ. ಬಯಲುಸೀಮೆಯ ರೋಗಿಗೆ ಸೌಮ್ಯವಾಗಿ ತೋರುವುದು ಇಲ್ಲಿ ಹಾಗಿರಬೇಕೆಂದಿಲ್ಲ.

ಇನ್ನು ಮಾತು. ‘ಸುಸ್ತು’ ಎಂಬ ಒಂದು ಪದದೊಳಗೆ ರಕ್ತಹೀನತೆ, ಉಪ್ಪಿನಂಶದ ಕೊರತೆ, ನಿದ್ದೆಗೇಡು, ಮನಸ್ಸಿನ ಕುಗ್ಗುವಿಕೆ ಎಲ್ಲವೂ ಅಡಗಿ ಕೂರುತ್ತವೆ. ‘ಜೋಮು’ ಹಿಡಿದು ಬಿಡುವಂಥದು, ‘ಮರಗಟ್ಟುವುದು’ ಉಳಿಯುವಂಥದು. ನರಹಾನಿಯ ಹಾದಿಯಲ್ಲಿ ರೋಗಿ ಎಲ್ಲಿದ್ದಾರೆ ಎಂಬುದನ್ನು ಈ ವ್ಯತ್ಯಾಸವೇ ತಿಳಿಸಬಲ್ಲದು. ಕೊಡವ ತಕ್ಕ್, ಮಲಯಾಳಂ, ಅರೆಭಾಷೆ, ತುಳು, ರಾವುಲ ಮಾತುಗಳು ಬೆರೆತಿರುವ ತಾಲ್ಲೂಕಿನಲ್ಲಿ ರೋಗಿಯ ಪದ ಕಡತ ಸೇರುವ ಹೊತ್ತಿಗೆ ಎರಡು ಸಲ ಅನುವಾದವಾಗಿರುತ್ತದೆ. ಹಾಗಾಗಿ ‘ಎಷ್ಟು ಸುಸ್ತು?’ ಎನ್ನುವುದಕ್ಕಿಂತ ‘ನಿನ್ನೆ ಬಾವಿಯಿಂದ ನೀರು ತಂದಿರಾ?’ ಎನ್ನುವುದು ಒಳ್ಳೆಯ ಪ್ರಶ್ನೆ.

5. ‘ಇದ್ದದ್ದೇ’ ಎಂಬ ಉತ್ತರ

ಭಾರತದ ಔಷಧ ನಿಗಾ ಕಾರ್ಯಕ್ರಮ 2010ರ ಜುಲೈನಲ್ಲಿ ದೆಹಲಿಯ ಏಮ್ಸ್‌ನಲ್ಲಿ ಆರಂಭವಾಯಿತು. 2011ರ ಏಪ್ರಿಲ್‌ನಲ್ಲಿ ಅದರ ರಾಷ್ಟ್ರೀಯ ಸಮನ್ವಯ ಕೇಂದ್ರ ಗಾಜಿಯಾಬಾದಿನ ಭಾರತೀಯ ಫಾರ್ಮಾಕೋಪಿಯಾ ಆಯೋಗಕ್ಕೆ ಬಂತು. ಅಲ್ಲಿಂದ ವರದಿಗಳು ಸ್ವೀಡನ್ನಿನ ಉಪ್ಸಾಲದಲ್ಲಿರುವ ಜಾಗತಿಕ ಭಂಡಾರ ಸೇರುತ್ತವೆ. ವರದಿಗೆ ಕನಿಷ್ಠ ಬೇಕಾದದ್ದು ನಾಲ್ಕೇ: ರೋಗಿಯ ಗುರುತು, ಶಂಕಿತ ಔಷಧ, ಪರಿಣಾಮ, ವರದಿಗಾರ. ರೋಗಿಗಳೇ ತುಂಬಬಹುದಾದ ನಮೂನೆ ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿದೆ. 1800-180-3024 ಉಚಿತ ಸಹಾಯವಾಣಿ.

ದಾರಿ ಇಷ್ಟು ಸುಲಭವಿದ್ದೂ ಕೀಮೋದ ಅನೇಕ ಪರಿಣಾಮಗಳು ವರದಿಯಾಗದಿರಲು ‘ಕೀಮೋ ಅಂದ ಮೇಲೆ ಇದೆಲ್ಲ ಇದ್ದದ್ದೇ’ ಎಂಬ ನಂಬಿಕೆಯೂ ಕಾರಣ. ರೋಗಿಯೂ ವೈದ್ಯರೂ ಅದನ್ನೇ ಹೇಳುತ್ತಾರೆ. ವಾಂತಿ ನಿರೀಕ್ಷಿತ, ನಿಜ. ದಿನಕ್ಕೆ ಆರು ಸಲದ ವಾಂತಿಗೆ ಮದ್ದಿಲ್ಲದಿರುವುದು ನಿರೀಕ್ಷಿತವಲ್ಲ. ತಡೆಯಬಹುದಿತ್ತೇ ಎಂದು ಕೇಳುವ ಶೂಮಾಕ್–ಥಾರ್ನ್‌ಟನ್ ಮಾಪಕದ ಪ್ರಯೋಜನ ಇರುವುದು ಈ ‘ಇದ್ದದ್ದೇ’ಯನ್ನು ಒಡೆಯುವುದರಲ್ಲಿ.

6. ಮನೆಯ ಪುಟ, ಓದುವ ಕಣ್ಣು

ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್‌ನಲ್ಲಿ ಈಥನ್ ಬ್ಯಾಷ್ ತಂಡ 766 ರೋಗಿಗಳ ಮೇಲೆ ನಡೆಸಿದ ಪ್ರಯೋಗ ಇಲ್ಲಿ ಮುಖ್ಯ. ಲಕ್ಷಣಗಳನ್ನು ತಾವೇ ಕಂಪ್ಯೂಟರಿನಲ್ಲಿ ದಾಖಲಿಸುತ್ತಿದ್ದ ರೋಗಿಗಳು ಬದುಕಿದ ಅವಧಿಯ ಮಧ್ಯಾಂಕ 31.2 ತಿಂಗಳು, ಸಾಮಾನ್ಯ ಆರೈಕೆಯವರದು 26 ತಿಂಗಳು. ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಗಮನಿಸಬೇಕಾದ್ದು ಕಂಪ್ಯೂಟರನ್ನಲ್ಲ: ಲಕ್ಷಣ ಬಿಗಡಾಯಿಸಿದಾಗ ನರ್ಸ್‌ಗೆ ಸೂಚನೆ ಹೋಗುತ್ತಿತ್ತು, ಅವರು ಸ್ಪಂದಿಸುತ್ತಿದ್ದರು.

ವಿರಾಜಪೇಟೆಗೆ ಇದರ ರೂಪ ಒಂದು ನೋಟ್‌ಬುಕ್ ಮತ್ತು ಒಂದು ಥರ್ಮಾಮೀಟರ್. ಸುತ್ತಿನ ದಿನಸಂಖ್ಯೆ, ಮೈ ಬಿಸಿ, ವಾಂತಿ ಭೇದಿ ಎಷ್ಟು ಸಲ, ಅನ್ನ ನುಂಗಲಾಯಿತೇ, ಕೈ ಕೆಲಸ ಮಾಡಿತೇ, ಬೇರೆ ಯಾವ ಮದ್ದು ಅಥವಾ ಸೊಪ್ಪು ತೆಗೆದುಕೊಂಡರು: ಆರು ಕಲಂ ಸಾಕು. ಅಕ್ಷರ ಬಾರದವರಿಗೆ ಚಿತ್ರ. ರಟ್ಟಿನ ಮೇಲೆ ‘100.4 ಫ್ಯಾರನ್‌ಹೀಟ್ ದಾಟಿದರೆ ಮಾತ್ರೆ ನುಂಗಿ ಕಾಯಬೇಡಿ, ಫೋನ್ ಮಾಡಿ ಹೊರಡಿ’ ಎಂಬ ಸಾಲು. ಬರೆಯುವವರು ಮನೆಯ ಶಾಲಾಮಗುವಾಗಲಿ, ಆಶಾ ಕಾರ್ಯಕರ್ತೆಯಾಗಲಿ. ತೋಟದ ರೈಟರ್ ಬೇಡ. ಹಾಜರಿ ಬರೆಯುವ ಕೈಯೇ ಕಾಯಿಲೆಯನ್ನೂ ಬರೆದರೆ ಕೆಲಸ ಹೋಗುವ ಭಯಕ್ಕೆ ಲಕ್ಷಣಗಳು ಮುಚ್ಚಿಹೋಗುತ್ತವೆ.

ಓದುವ ಕಣ್ಣಿಲ್ಲದಿದ್ದರೆ ಇದೂ ವ್ಯರ್ಥ. 2008ರಿಂದ ದೇಶದಲ್ಲಿ ಔಷಧತಜ್ಞರನ್ನು ರೂಪಿಸುವ ಫಾರ್ಮ್.ಡಿ ಕಲಿಕೆ ಇದೆ; ಮಡಿಕೇರಿಯಲ್ಲಿ ವೈದ್ಯಕೀಯ ವಿಜ್ಞಾನ ಸಂಸ್ಥೆ ಇದೆ; ಎಲ್ಲ ಜಿಲ್ಲಾಸ್ಪತ್ರೆಗಳಲ್ಲೂ ಡೇ ಕೇರ್ ಕ್ಯಾನ್ಸರ್ ಕೇಂದ್ರ ತೆರೆಯುವುದಾಗಿ 2025-26ರ ಕೇಂದ್ರ ಬಜೆಟ್ ಘೋಷಿಸಿದೆ. ಔಷಧ ಕೊಡುವ ಜಾಗ ಊರಿಗೆ ಹತ್ತಿರವಾದಾಗ ನಿಗಾ ತಾನಾಗಿ ಹತ್ತಿರವಾಗುವುದಿಲ್ಲ. ವಾರಕ್ಕೊಮ್ಮೆ, ಅದರಲ್ಲೂ ಹತ್ತನೆಯ ದಿನದ ಆಸುಪಾಸಿನಲ್ಲಿ, ಫೋನ್ ಮಾಡಿ ಪುಟ ಓದಿಸಿ ಕೇಳುವುದು ಒಬ್ಬರ ಕರ್ತವ್ಯಪಟ್ಟಿಯಲ್ಲಿರಬೇಕು.

7. ಸಮಾರೋಪ

ಆಸ್ಪತ್ರೆಯ ಕಡತ ಅಡ್ಡಪರಿಣಾಮದ ಕಥೆಯ ಮೊದಲ ಮತ್ತು ಕೊನೆಯ ಪುಟ; ನಡುವಿನವು ಮನೆಯಲ್ಲಿವೆ. ಮಾಪಕಗಳನ್ನು ಕೈಬಿಡಬೇಕಾಗಿಲ್ಲ, ಅವು ಕೇಳುವ ಪ್ರಶ್ನೆಗಳಿಗೆ ಉತ್ತರ ದೊರೆಯುವ ಜಾಗಕ್ಕೆ ಹೋಗಬೇಕಾಗಿದೆ. ಎರಡನೆಯ ಸುತ್ತಿನ ಬೆಳಿಗ್ಗೆ ರಕ್ತದ ವರದಿಯ ಜೊತೆ ಆ ನೋಟ್‌ಬುಕ್ಕೂ ವೈದ್ಯರ ಮೇಜಿನ ಮೇಲೆ ಇರಬೇಕು. ಔಷಧದ ಪ್ರಮಾಣ ನಿಗದಿಯಾಗುವುದು ಎರಡನ್ನೂ ಓದಿದ ಮೇಲೆ.