ಡಿಜಿಟಲ್ ರೇಡಿಯೊ: ಮೌನವಾಗಿದ್ದಾಗಲೂ ವಿದ್ಯುತ್ ಬಳಕೆ

ಮನೆಯ ರೇಡಿಯೊ ಹಾಡುವಾಗ ಮಾತ್ರ ವಿದ್ಯುತ್ ಬಳಸುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಡಿಜಿಟಲ್ ರೇಡಿಯೊ ವಿಷಯದಲ್ಲಿ ಇದು ಪೂರ್ಣ ನಿಜವಲ್ಲ. ಈ ಮಾಧ್ಯಮವನ್ನು ಮೊದಲು ಅಳವಡಿಸಿಕೊಂಡ ದೇಶಗಳಲ್ಲಿ ಒಂದಾದ ಬ್ರಿಟನ್‌ನ ಅನುಭವ ಇದಕ್ಕೆ ಉತ್ತಮ ನಿದರ್ಶನ.

ಹಿನ್ನೆಲೆ

ಬಿಬಿಸಿ ಸಂಸ್ಥೆಯು ಡಿಜಿಟಲ್ ಆಡಿಯೊ ಬ್ರಾಡ್‌ಕಾಸ್ಟಿಂಗ್ ಅಥವಾ ಡಿಎಬಿ ಪ್ರಸಾರವನ್ನು 1995ರ ಸೆಪ್ಟೆಂಬರ್‌ನಲ್ಲಿ ಆರಂಭಿಸಿತು. ನಾರ್ವೆ 2017ರಲ್ಲಿ ರಾಷ್ಟ್ರೀಯ ವಾಹಿನಿಗಳ ಎಫ್‌ಎಂ ಪ್ರಸಾರವನ್ನೇ ನಿಲ್ಲಿಸಿತು. ಬ್ರಿಟನ್‌ನಲ್ಲಿ ಮಾತ್ರ ಕನಿಷ್ಠ 2030ರವರೆಗೆ ಎಫ್‌ಎಂ ಮುಂದುವರಿಯಬೇಕೆಂದು 2021ರ ಪರಿಶೀಲನಾ ವರದಿ ಶಿಫಾರಸು ಮಾಡಿತು.

ಹೆಚ್ಚು ವಿದ್ಯುತ್ ಏಕೆ?

ಎಫ್‌ಎಂ ಗ್ರಾಹಕದ ಕೆಲಸ ಸರಳ. ಡಿಎಬಿ ಗ್ರಾಹಕವಾದರೋ 1536 ಉಪವಾಹಕ ತರಂಗಗಳಲ್ಲಿ ಹಂಚಿಹೋದ ಸಂಕೇತವನ್ನು ಒಗ್ಗೂಡಿಸಿ, ದೋಷ ತಿದ್ದಿ, ಸಂಕುಚಿತ ಧ್ವನಿಯನ್ನು ಬಿಡಿಸಬೇಕು. ಈ ಲೆಕ್ಕಾಚಾರಕ್ಕೆಲ್ಲ ವಿದ್ಯುತ್ ಬೇಕು. ಆರಂಭದ ಸೆಟ್‌ಗಳಲ್ಲಿ ಬ್ಯಾಟರಿ ಬೇಗ ಬರಿದಾಗುತ್ತಿದ್ದುದು ಇದೇ ಕಾರಣದಿಂದ. ಚಿಪ್‌ಗಳು ಸುಧಾರಿಸಿದಂತೆ ಬಳಕೆಯೂ ಇಳಿಯಿತು.

ಬಿಬಿಸಿ ಸಂಶೋಧನಾ ವಿಭಾಗವು ತನ್ನ ರೇಡಿಯೊ ಸೇವೆಗಳ 2018ರ ವಿದ್ಯುತ್ ಬಳಕೆಯನ್ನು ಅಧ್ಯಯನ ಮಾಡಿ 2020ರಲ್ಲಿ ವರದಿ ಪ್ರಕಟಿಸಿತು. ಪ್ರಸಾರ ಜಾಲ ಹಾಗೂ ಗ್ರಾಹಕ ಎರಡನ್ನೂ ಸೇರಿಸಿ, ಒಂದು ಗಂಟೆಯ ಆಲಿಕೆಗೆ ಅತಿ ಕಡಿಮೆ ವಿದ್ಯುತ್ ಬೇಡುವುದು ಡಿಎಬಿ ಎಂದು ಅದರಲ್ಲಿ ಕಂಡುಬಂತು. ನಂತರದ ಸ್ಥಾನ ಎಫ್‌ಎಂನದು. ಟೆಲಿವಿಷನ್ ಮೂಲಕ ರೇಡಿಯೊ ಕೇಳುವುದು ಎಲ್ಲಕ್ಕಿಂತ ದುಬಾರಿ. ಒಟ್ಟು ಬಳಕೆಯಲ್ಲಿ ಸುಮಾರು ಮುಕ್ಕಾಲು ಪಾಲು ಕೇಳುಗರ ಉಪಕರಣಗಳದೇ ಆಗಿತ್ತು ಎಂಬುದು ಗಮನಾರ್ಹ.

ಸುಮ್ಮನಿದ್ದರೂ ಖರ್ಚು

ಒಂದು ಲೆಕ್ಕ ನೋಡೋಣ. 5 ವ್ಯಾಟ್‌ನ ರೇಡಿಯೊ ದಿನಕ್ಕೆ 3 ಗಂಟೆ ಹಾಡಿದರೆ ವರ್ಷಕ್ಕೆ ಸುಮಾರು 5.5 ಯೂನಿಟ್ ಸಾಕು. ಅದೇ ಸೆಟ್ ಉಳಿದ 21 ಗಂಟೆ ಸ್ಟ್ಯಾಂಡ್‌ಬೈ ಸ್ಥಿತಿಯಲ್ಲಿ 2 ವ್ಯಾಟ್ ಎಳೆಯುತ್ತಿದ್ದರೆ ವರ್ಷಕ್ಕೆ 15 ಯೂನಿಟ್‌ಗೂ ಹೆಚ್ಚು. ಕೇಳಿದ್ದಕ್ಕಿಂತ ಕೇಳದೇ ಇದ್ದುದಕ್ಕೇ ಸುಮಾರು ಮೂರು ಪಟ್ಟು ಖರ್ಚು! ಸ್ಟ್ಯಾಂಡ್‌ಬೈ ಬಳಕೆ ಅರ್ಧ ವ್ಯಾಟ್‌ಗೆ ಇಳಿದರೆ ಈ ಪೋಲು 4 ಯೂನಿಟ್‌ಗೆ ತಗ್ಗುತ್ತದೆ.

ಐರೋಪ್ಯ ಒಕ್ಕೂಟವು 2008ರಲ್ಲಿ ರೂಪಿಸಿದ ನಿಯಮ ಇದನ್ನೇ ಗುರಿಯಾಗಿಸಿಕೊಂಡಿತ್ತು. 2010ರಿಂದ 1 ವ್ಯಾಟ್, 2013ರಿಂದ ಅರ್ಧ ವ್ಯಾಟ್ ಎಂದು ಮಿತಿ ವಿಧಿಸಲಾಯಿತು. ಗಡಿಯಾರದಂತಹ ಮಾಹಿತಿ ತೋರಿಸುವ ಸೆಟ್‌ಗಳಿಗೆ ಇದರ ಎರಡರಷ್ಟು ಅವಕಾಶವಿತ್ತು. ಹಳೆಯ ಸೆಟ್‌ಗಳಿಗೆ ಈ ನಿಯಮ ಅನ್ವಯಿಸಲಿಲ್ಲ.

ನಮ್ಮಲ್ಲಿ

ಆಕಾಶವಾಣಿ ಆಯ್ದುಕೊಂಡಿದ್ದು ಡಿಆರ್‌ಎಂ ಎಂಬ ಬೇರೆ ತಂತ್ರಜ್ಞಾನ. ಬೆಂಗಳೂರಿನ ಮಧ್ಯಮ ತರಂಗ ಪ್ರೇಷಕಕ್ಕೂ ಇದನ್ನು ಅಳವಡಿಸಲಾಗಿದೆ. ಡಿಎಬಿ ಸೆಟ್‌ನಲ್ಲಿ ಇದು ಕೇಳಿಸದು. ವಿದೇಶದಿಂದ ಸೆಟ್ ತರಿಸುವವರು ಇದನ್ನು ಮರೆಯಬಾರದು.

ಗ್ರಾಹಕರು ಗಮನಿಸಬೇಕಾದುದು

* ಕೊಳ್ಳುವಾಗ ಧ್ವನಿಯ ವ್ಯಾಟ್ ಮಾತ್ರವಲ್ಲ, ಸ್ಟ್ಯಾಂಡ್‌ಬೈ ವ್ಯಾಟ್ ಎಷ್ಟೆಂದೂ ಕೇಳಿ.
* ಕೇಳಿದ ಬಳಿಕ ಗೋಡೆಯ ಸ್ವಿಚ್ಚನ್ನೇ ಆರಿಸಿ.
* ಪರದೆಯ ಬೆಳಕನ್ನು ತಗ್ಗಿಸಿ.
* ರೇಡಿಯೊ ಕೇಳಲು ಟಿ.ವಿ. ಹಚ್ಚಬೇಡಿ.

ಒಂದು ಮನೆಯ ಉಳಿತಾಯ ಅಲ್ಪವೆನಿಸಬಹುದು. ಹನಿ ಹನಿ ಕೂಡಿದರೆ ಹಳ್ಳ ಎಂಬ ಮಾತು ವಿದ್ಯುತ್ತಿಗೂ ಸಲ್ಲುತ್ತದೆ.